ಶಾಹೀನಳ ಮಗ್ಗಿ

ಕಳೆದ ಮಾರ್ಚಿನಲ್ಲಿ ಪರೀಕ್ಷಾ ಮೇಲ್ವಿಚಾರಣೆಗೆಂದು ನನ್ನನ್ನು ದೇವದುರ್ಗಕ್ಕೆ ಹಾಕಿದ್ದರು. ಬಸ್ಸಿಳಿದು ಕಾಲೇಜಿನ ಕಡೆ ನಡೆಯುವ ಹಾದಿಯಲ್ಲಿ ಒಂದು ಚಹಾದಂಗಡಿ ಇದೆ. ಬೆಳಗಿನ ಎಂಟಕ್ಕೇ ಬಿಸಿಲು ಹೆಗಲ ಮೇಲೆ ಕೂತಿತ್ತು. ಒಂದು ಕಪ್ಪು ಹೇಳಿ ಬೆಂಚಿನ ಮೇಲೆ ಕುಳಿತೆ. ಅಂಗಡಿಯವನು ಕಲ್ಲಿನ ಮೇಲೆ ನಾಲ್ಕು ಲವಂಗ ಇಟ್ಟು ಜಜ್ಜಿ, ಕುದಿಯುತ್ತಿದ್ದ ಚಹಾಕ್ಕೆ ಉದುರಿಸಿದ. ವಾಸನೆ ಮೂಗಿಗೆ ಬಂದದ್ದೇ ನನ್ನ ತುಟಿಗಳು ತಾವಾಗಿ ಬಿಗಿದುಕೊಂಡವು. ಕಪ್ಪು ಕೈಗೆ ಬಂದರೂ ಬಾಯಿಗೆ ಹೋಗಲಿಲ್ಲ.

“ಯಾಕ್ರಿ ಟೀಚರ್, ಸಕ್ರಿ ಕಡಿಮಿ ಆತೇನು?” ಎಂದ ಅಂಗಡಿಯವನು.

“ಇಲ್ಲಪ್ಪಾ. ಬಿಸಿ ಅದ. ಆರಲಿ.”

“ಆರಿದ್ಮ್ಯಾಗ ಅದು ಚಾ ಅಲ್ರಿ, ಕಷಾಯ.”

ಅದನ್ನು ಹಾಗೇ ಬಿಟ್ಟು ಎದ್ದೆ.

ಕಾಲೇಜಿನಲ್ಲಿ ಗಣಿತದ ಉಪನ್ಯಾಸಕರ ಹುದ್ದೆ ಇನ್ನೂ ಖಾಲಿ ಇದೆ. ಅತಿಥಿಯಾಗಿ ಪಾಠ ಮಾಡುವ ಹುಡುಗಿಯೊಬ್ಬಳು ನನಗೆ ಉತ್ತರಪತ್ರಿಕೆಗಳ ಕಟ್ಟು ಕೊಡುತ್ತಾ, “ಇಲ್ಲಿಗಿ ಪರ್ಮನೆಂಟಾಗಿ ಯಾರೂ ಬರವಲ್ರು ಮೇಡಂ” ಎಂದಳು. ನಾನು ತಲೆ ಆಡಿಸಿದೆ. ಆ ಹುದ್ದೆಗೆ ಬರಬೇಕಾಗಿದ್ದವಳು ನಾನೇ. ರಾಯಚೂರಿನಲ್ಲಿ ನಾನೀಗ ಕೂರುವ ಕುರ್ಚಿ ಶಾಹೀನಳದು.

ಶಾಹೀನ್ ಮತ್ತು ನಾನು ನೌಕರಿಗೆ ಸೇರಿದ್ದು ಇದೇ ದೇವದುರ್ಗ ತಾಲ್ಲೂಕಿನ ಎರಡು ಹಳ್ಳಿಗಳಲ್ಲಿ. ಇಬ್ಬರೂ ಹೈಸ್ಕೂಲಿನ ಗಣಿತದ ಟೀಚರುಗಳು. ದೇವದುರ್ಗದಲ್ಲೇ ಒಂದು ಕೋಣೆ ಹಿಡಿದು ಮೂರು ವರ್ಷ ಇದ್ದೆವು. ನನ್ನಪ್ಪ ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಅಂಡಿಗೆ ಮೂಟೆ ಹೊತ್ತವನು. ಆಕೆಯ ಅಬ್ಬಾ ಪೇಟೆಯಲ್ಲಿ ಮಸಾಲೆ ಅಂಗಡಿ ಇಟ್ಟವರು. ಎರಡೂ ಮನೆಗಳಲ್ಲಿ ಮೊದಲು ನೌಕರಿ ಹಿಡಿದ ಹೆಣ್ಣುಮಕ್ಕಳು ನಾವೇ. ಆಕೆ ನನಗಿಂತ ಹನ್ನೊಂದು ದಿನ ಮೊದಲು ಹಾಜರಾಗಿದ್ದಳು. ಆ ಹನ್ನೊಂದು ದಿನವನ್ನು ಇಪ್ಪತ್ತು ವರ್ಷ ನನ್ನ ಮೇಲೆ ಆಡಿಸಿದಳು. ಕೋಣೆಯಲ್ಲಿ ಒಂದೇ ಕುರ್ಚಿ ಇತ್ತು. “ಸುಜಾತಾ, ಎದ್ದು ನಿಂದ್ರು. ಸೀನಿಯರ್ ಬಂದೀನಿ” ಎನ್ನುತ್ತಿದ್ದಳು.

ಆಮೇಲೆ ನನಗೆ ಮಾನ್ವಿಗೆ ವರ್ಗವಾಯಿತು. ಆಕೆಗೆ ಕಲ್ಲೂರು ದಾಟಿ ಒಳಗಿರುವ ಒಂದು ಹಳ್ಳಿಯ ಶಾಲೆ. ಇಬ್ಬರ ಮನೆಯೂ ರಾಯಚೂರಿನಲ್ಲಿ, ಹೀಗಾಗಿ ಬೆಳಗಿನ ಏಳರ ಮಾನ್ವಿ ಬಸ್ಸು ನಮ್ಮಿಬ್ಬರದು. ಬಾಗಿಲಿನಿಂದ ಮೂರನೆಯ ಸೀಟು. ನನ್ನ ಡಬ್ಬಿಯಲ್ಲಿ ರೊಟ್ಟಿ, ಪುಂಡಿಪಲ್ಲೆ. ಆಕೆಯದರಲ್ಲಿ ಖಿಚಡಿ, ಖಟ್ಟಾ. ಕಲ್ಲೂರು ಬರುವುದರೊಳಗೆ ಅರ್ಧರ್ಧ ಅದಲುಬದಲಾಗುತ್ತಿತ್ತು.

ಕಾಲೇಜಿಗೆ ಬಡ್ತಿ ಬೇಕಾದರೆ ಸ್ನಾತಕೋತ್ತರ ಪದವಿ ಬೇಕು. ನೌಕರಿ ಬಿಟ್ಟು ಓದಲು ಹೋಗುವ ಹಾಗಿರಲಿಲ್ಲ. ಎಲ್ಲೋ ದೂರದ ಊರಿನ ವಿಶ್ವವಿದ್ಯಾಲಯವೊಂದು ಆನ್‌ಲೈನಿನಲ್ಲಿ ಅನ್ವಯಿಕ ಗಣಿತದ ಎಂಎಸ್ಸಿ ಕೊಡುತ್ತದೆಂದು ಪತ್ತೆ ಹಚ್ಚಿದವಳು ಶಾಹೀನ್. ಆಕೆಗೆ ಅವಸರವಿತ್ತು. ಆಕೆಯ ತಾಯಿಗೆ, ನಾವೆಲ್ಲ ಅಮ್ಮಿ ಎನ್ನುತ್ತಿದ್ದವರಿಗೆ, ಲಕ್ವ ಹೊಡೆದು ಎಡಗಡೆ ಪೂರ್ತಿ ಬಿದ್ದುಹೋಗಿತ್ತು. ನೋಡಿಕೊಳ್ಳಲು ಹೆಂಗಸೊಬ್ಬಳಿದ್ದಳು, ತಮ್ಮನ ಹೆಂಡತಿ ಇದ್ದಳು. ಅಮ್ಮಿ ಮಾತ್ರ ಮಗಳ ಕೈಯಿಂದಲ್ಲದೆ ತುತ್ತು ನುಂಗುತ್ತಿರಲಿಲ್ಲ. ಬೆಳಿಗ್ಗೆ ಆರಕ್ಕೆ ಉಣಿಸಿ ಬಂದರೆ ಮತ್ತೆ ಸಂಜೆ ಆರಕ್ಕೆ. ನಡುವೆ ಹನ್ನೆರಡು ತಾಸು ಬಾಯಿ ಬಿಗಿಹಿಡಿದು ಮಲಗಿರುತ್ತಿದ್ದರು. ರಾಯಚೂರಿನ ಕಾಲೇಜಿನಲ್ಲಿ ಗಣಿತದ ಒಂದು ಹುದ್ದೆ ತೆರವಾಗಲಿತ್ತು. ಅಲ್ಲಿಂದ ಶಾಹೀನಳ ಮನೆಗೆ ಆಟೋದಲ್ಲಿ ಹತ್ತು ನಿಮಿಷ.

“ಮಧ್ಯಾಹ್ನ ಬಿಡುವಿನ್ಯಾಗ ಓಡಿ ಹೋಗಿ ನಾಕು ತುತ್ತು ಹಾಕಿ ಬಂದ್ರ ಸಾಕು ಲೇ” ಎನ್ನುತ್ತಿದ್ದಳು. “ನನಗ ಲೆಕ್ಚರರ್ ಅನ್ನೂ ಹೆಸರು ಬ್ಯಾಡ. ಆ ಬಿಡುವು ಬೇಕು.”

ದೇವದುರ್ಗದಲ್ಲಿ ಇನ್ನೊಂದು ಹುದ್ದೆ. ಜ್ಯೇಷ್ಠತಾ ಪಟ್ಟಿಯಲ್ಲಿ ಆಕೆ ಮೇಲೆ, ಕೆಳಗಿನ ಸಾಲಿನಲ್ಲಿ ನಾನು. ಆಕೆಗೆ ರಾಯಚೂರು, ನನಗೆ ದೇವದುರ್ಗ ಎಂದು ಪದವಿಗೆ ಸೇರುವ ದಿನವೇ ಹಂಚಿಕೊಂಡಿದ್ದೆವು. ಹುದ್ದೆ ಆರಿಸಿಕೊಳ್ಳುವ ಜೂನಿನ ಕೌನ್ಸೆಲಿಂಗಿಗೆ ಪದವಿಯ ಫಲಿತಾಂಶ ಕೈಯಲ್ಲಿರಬೇಕಿತ್ತು.

ಏಳರ ಬಸ್ಸೇ ನಮ್ಮ ತರಗತಿಯಾಯಿತು. ಫೋನಿನಲ್ಲಿ ಪಾಠ ಇಳಿಸಿಕೊಂಡು ಬರುತ್ತಿದ್ದೆವು. ಕಿವಿಗೆ ಹಾಕುವ ವೈರಿನ ಒಂದು ತುದಿ ನನ್ನ ಬಲಗಿವಿಗೆ, ಇನ್ನೊಂದು ಆಕೆಯ ಎಡಗಿವಿಗೆ. ಪಾಠ ಹೇಳುವವರ ಇಂಗ್ಲಿಷು ಬಸ್ಸಿಗಿಂತ ಜೋರು ಓಡುತ್ತಿತ್ತು. ಶಾಹೀನ್ ಪಾಠ ನಿಲ್ಲಿಸಿ, ನೋಟುಬುಕ್ಕನ್ನು ತೊಡೆಯ ಮೇಲಿಟ್ಟುಕೊಂಡು ನಮ್ಮ ಮಾತಿನಲ್ಲಿ ಬಿಡಿಸಿ ಹೇಳುತ್ತಿದ್ದಳು. ಮೂರು ಗಿರಣಿಗಳಿಂದ ನಾಲ್ಕು ಊರಿಗೆ ಸರಕು ಸಾಗಿಸುವ ಲೆಕ್ಕವಿದ್ದರೆ ಊರುಗಳಿಗೆ ರಾಯಚೂರು, ಮಾನ್ವಿ, ದೇವದುರ್ಗ, ಗುಂಜಹಳ್ಳಿ ಎಂದು ಹೆಸರಿಡುತ್ತಿದ್ದಳು. ಗುಂಜಹಳ್ಳಿ ಯಾಕೆಂದರೆ ಅಲ್ಲಿಗೆ ಕೊಟ್ಟ ಆಕೆಯ ಚಿಕ್ಕಪ್ಪನ ಮಗಳು ಫೋನು ಮಾಡಿದಾಗಲೆಲ್ಲ ಅದಿಲ್ಲ ಇದಿಲ್ಲ ಎನ್ನುತ್ತಿದ್ದಳು. “ಆಕಿಗಿ ಎಷ್ಟು ಕಳಿಸಿದ್ರೂ ಸಾಲಂಗಿಲ್ಲ. ಆ ಕಾಲಮ್ಮಿಗಿ ಜಾಸ್ತಿ ಹಾಕು.”

ಕಂಡಕ್ಟರು ಒಂದು ದಿನ ನಮ್ಮ ಪುಸ್ತಕದೊಳಗೆ ಬಗ್ಗಿ ನೋಡಿದ. “ಟೀಚರ್, ಈ ಬಸ್ಸು ಯಾವ ಹಾದಿ ಹಿಡಿದ್ರ ಡೀಸೆಲ್ ಉಳೀತದ, ಅದನ್ನೂ ಒಂದು ಲೆಕ್ಕ ಹಾಕಿ ಕೊಡ್ರಿ.”

“ಮೊದ್ಲು ಬಸ್ಸು ಟೈಮಿಗಿ ಬರೂದಕ್ಕ ಸೂತ್ರ ಹುಡುಕಾಕತ್ತೀವ್ರಿ” ಎಂದಳು ಶಾಹೀನ್. “ಅದು ಸಿಕ್ಕಿದ್ಮ್ಯಾಗ ಡೀಸೆಲ್ಲಿಗಿ ಬರ್ತೀವಿ.”

ನನ್ನ ಗಂಡ ಭೀಮರಾಯ ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಗುತ್ತಿಗೆಯ ಟೆಕ್ನಿಷಿಯನ್. ಬಿಸಿ ವಸ್ತು ಹೇಗೆ ಆರುತ್ತದೆ ಎನ್ನುವ ಸಮೀಕರಣವನ್ನು ನಾನು ಅಡುಗೆಕಟ್ಟೆಯ ಮೇಲೆ ಪುಸ್ತಕ ಇಟ್ಟುಕೊಂಡು ಬಿಡಿಸುತ್ತಿದ್ದರೆ ಹಿಂದೆ ನಿಂತು ನೋಡಿದ. “ಹದಿನಾರು ವರ್ಷ ಆತು, ದಿನಾ ನೀರು ಕುದಿಸೂದು, ಆರಿಸೂದು ಮಾಡಾಕತ್ತೀವಿ. ಅದಕ್ಕ ಇಷ್ಟುದ್ದ ಲೆಕ್ಕ ಅದ ಅಂತ ನಮಗ ಯಾರೂ ಹೇಳಿದ್ದಿಲ್ಲ ನೋಡು” ಎಂದ.

ಶಾಹೀನ್ ಗುಣಾಕಾರವನ್ನು ಬಾಯಲ್ಲಿ ಮಾಡುತ್ತಿದ್ದಳು. ಆಕೆ ಮೊದಲ ನಾಲ್ಕು ವರ್ಷ ಓದಿದ್ದು ಒಂದೇ ಕೋಣೆಯ ಉರ್ದು ಶಾಲೆಯಲ್ಲಿ. ಮಾಸ್ತರು ಹೊರಗೆ ಬೇವಿನ ಗಿಡದಡಿ ಕೂತು ಕಿವಿಗೊಟ್ಟಿರುತ್ತಿದ್ದರಂತೆ. ಯಾರ ದನಿ ಕೇಳಿಸಲಿಲ್ಲವೋ ಅವರಿಗೆ ಛಡಿ. ಹಾಗಾಗಿ ಏಳು ಎಂಟು ಗುಣಿಸಬೇಕಾದರೆ ಆಕೆಯ ಗಂಟಲು ತಾನಾಗಿ “ಸಾತ್ ಅಟ್ಠೆ ಛಪ್ಪನ್” ಎನ್ನುತ್ತಿತ್ತು. ಎಂಎಸ್ಸಿಯ ದೊಡ್ಡ ದೊಡ್ಡ ಲೆಕ್ಕದ ಕೆಳಗೂ ಆ ಮಗ್ಗಿಯ ಗುನುಗು ಹರಿಯುತ್ತಿತ್ತು. ನನಗೂ ಅದೇ ಚಾಳಿ, ಕನ್ನಡದಲ್ಲಿ. ಬಸ್ಸಿನಲ್ಲಿ ಇಬ್ಬರೂ ಲೆಕ್ಕಕ್ಕೆ ಕೂತರೆ ಮುಂದಿನ ಸೀಟಿನವರು ತಿರುಗಿ ನೋಡುತ್ತಿದ್ದರು. ಒಬ್ಬ ಮುದುಕಿ, “ಏನ್ ಮಂತ್ರ ಹಾಕಾಕತ್ತೀರವ್ವಾ, ಮಳಿ ಬರ್ತದೇನು?” ಎಂದು ಕೇಳಿದ್ದಳು.

ಕೊನೆಯ ಸೆಮಿಸ್ಟರಿನಲ್ಲಿ ನಿಯಮ ಬದಲಾಯಿತು. ಪರೀಕ್ಷೆ ಬರೆಯುವಾಗ ಲ್ಯಾಪ್‌ಟಾಪಿನ ಕ್ಯಾಮೆರಾ ನಮ್ಮನ್ನು ನೋಡುತ್ತಿರುತ್ತದೆ, ಮೈಕು ಕೇಳುತ್ತಿರುತ್ತದೆ. ಸಂಕ್ರಾಂತಿ ಮುಗಿದ ವಾರ ಒಂದು ಅಭ್ಯಾಸ ಪರೀಕ್ಷೆ ಇಟ್ಟರು. ನನ್ನ ಪರದೆಯ ಮೇಲೆ ಐದು ಸಲ ಹಳದಿ ಪಟ್ಟಿ ಬಂತು: ‘ಧ್ವನಿ ಕೇಳಿಬರುತ್ತಿದೆ.’ ಶಾಹೀನಳಿಗೆ ಒಂಬತ್ತು ಸಲ.

“ಪಾಪ, ಯಂತ್ರಕ್ಕ ಮಗ್ಗಿ ಬರಂಗಿಲ್ಲ. ಗಾಬ್ರಿ ಆಗ್ತದ” ಎಂದು ನಕ್ಕಳು. ಮರುದಿನ ಅಂಗಡಿಯಿಂದ ಕಾಗದದ ಪೊಟ್ಟಣ ತಂದಳು. ಒಂದು ಲವಂಗವನ್ನು ನಾಲಿಗೆ ಮತ್ತು ಮೇಲಿನ ಹಲ್ಲಿನ ನಡುವೆ ಒತ್ತಿ ಹಿಡಿಯಬೇಕು. ನಾಲಿಗೆ ಅಲ್ಲಾಡಿದರೆ ಖಾರ ಇಳಿಯುತ್ತದೆ, ಕೂಡಲೇ ನೆನಪಾಗುತ್ತದೆ. ಎರಡು ವಾರ ಬಸ್ಸಿನಲ್ಲಿ ಹಾಗೇ ಲೆಕ್ಕ ಮಾಡಿದೆವು. ನಮ್ಮಿಬ್ಬರ ನಾಲಿಗೆ ಜೋಮು ಹಿಡಿದು ಇಳಿಯುವಾಗ ಕಂಡಕ್ಟರಿಗೆ ನಿಲ್ಲಿಸು ಎನ್ನಲೂ ಮಾತು ಹೊರಡುತ್ತಿರಲಿಲ್ಲ. ಆದರೆ ಮುಂದಿನ ಅಭ್ಯಾಸ ಪರೀಕ್ಷೆಯಲ್ಲಿ ಹಳದಿ ಪಟ್ಟಿ ಬರಲಿಲ್ಲ.

ಪರೀಕ್ಷೆಗೆ ಜಾಗ ಬೇಕಿತ್ತು. ಶಾಹೀನಳ ಮನೆಯಲ್ಲಿ ಅಮ್ಮಿ ಕೂಗುತ್ತಿರುತ್ತಾರೆ. ನಮ್ಮ ಮನೆಯಲ್ಲಿ ಗೋಡೆಗೆ ಹತ್ತಿಕೊಂಡೇ ಹಿಟ್ಟಿನ ಗಿರಣಿ. ಮಾನ್ವಿಯ ನಮ್ಮ ಶಾಲೆಯಲ್ಲಿ ಕಂಪ್ಯೂಟರ್ ಕೋಣೆ ಇತ್ತು, ಕರೆಂಟು ಹೋದರೂ ಇನ್ವರ್ಟರ್ ಇತ್ತು. ಭಾನುವಾರ ಬಳಸಿಕೊಳ್ಳಲು ಹೆಡ್‌ಮಿಸ್ ಒಪ್ಪಿದರು. ಒಂದೇ ಪರೀಕ್ಷೆ ಬರೆಯುವ ಇಬ್ಬರು ಒಂದೇ ಕಟ್ಟಡದಲ್ಲಿ ಇರಕೂಡದು ಎಂದು ಸೂಚನೆಗಳಲ್ಲಿ ಬರೆದಿತ್ತು. ಅದನ್ನು ಓದಿ ತೋರಿಸಿದವಳು ಶಾಹೀನ್.

“ಯಾರು ನೋಡ್ತಾರ? ನೀ ಕಂಪ್ಯೂಟರ್ ರೂಮಿನ್ಯಾಗ ಕೂಡು, ನಾ ಬಾಜೂಕಿನ ಸೈನ್ಸ್ ಲ್ಯಾಬಿನ್ಯಾಗ ಫೋನಿನ ನೆಟ್ಟಿಗಿ ಹಚ್ಚಿಕೊಂಡು ಕೂಡ್ತೀನಿ” ಎಂದವಳು ನಾನು. ಪರೀಕ್ಷೆ ಬರೆಯುವ ಸ್ಥಳ ಯಾವುದು ಎಂಬ ಪ್ರಶ್ನೆಗೆ ಆಕೆ ‘ಶಾಲೆ’ ಎಂದು ಗುರುತು ಹಾಕಿದಳು. ನಾನು ‘ಮನೆ’ ಎಂದು ಹಾಕಿದೆ.

ಕೊನೆಯ ಪರೀಕ್ಷೆಯ ಹೊತ್ತಿಗೆ ರಂಜಾನಿನ ಉಪವಾಸ ನಡೆದಿತ್ತು. ಆ ವಿಷಯ ಸಂಖ್ಯಾತ್ಮಕ ವಿಧಾನಗಳದು. ಒಂದು ಊಹೆಯಿಂದ ಶುರುಮಾಡಿ ತಿದ್ದುತ್ತಾ ತಿದ್ದುತ್ತಾ ಉತ್ತರಕ್ಕೆ ಹತ್ತಿರವಾಗುವ ಲೆಕ್ಕಗಳು, ಗುಣಾಕಾರ ಮುಗಿಯುವುದೇ ಇಲ್ಲ. ಪರದೆಯ ಮೇಲೊಂದು ಕ್ಯಾಲ್ಕುಲೇಟರ್ ಕೊಡುತ್ತಾರೆ, ಆದರೆ ಮೌಸಿನಿಂದ ಒಂದೊಂದೇ ಅಂಕಿ ಒತ್ತುವುದರೊಳಗೆ ಶಾಹೀನ್ ಎರಡು ಸಾಲು ಮುಗಿಸುವವಳು. ಆ ಭಾನುವಾರ ಜವಾನ ಬಾಗಿಲು ತೆಗೆದು ಕೀಲಿಕೈ ನನ್ನ ಕೈಗಿಟ್ಟು ಮನೆಗೆ ಹೋದ. ಶಾಲೆಯಲ್ಲಿ ನಾವಿಬ್ಬರೇ. ಬಿಸಿಗಾಳಿಗೆ ಅಂಗಳದ ಧ್ವಜಕಂಬದ ಹಗ್ಗ ಟಕ್ ಟಕ್ ಎಂದು ಬಡಿಯುತ್ತಿತ್ತು. ನಾನು ಪೊಟ್ಟಣ ಬಿಚ್ಚಿ ಒಂದು ಲವಂಗ ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಆಕೆಯ ಕಡೆ ಚಾಚಿದೆ.

“ನಕ್ಕೋ ಲೇ, ಬ್ಯಾಡ. ರೋಜಾ ಅದ.”

“ನುಂಗಬ್ಯಾಡ. ಬರೇ ಹಿಡಕೊಂಡಿರು.”

“ರುಚಿ ಇಳಿದ್ರ ಆತು, ಹೋತು. ಅಮ್ಮಿ ಸಲುವಾಗಿ ಹಿಡಿದಿದ್ದು, ಮುರಿಯಂಗಿಲ್ಲ.” ತಲೆಯ ಮೇಲಿನ ಓಢಣಿ ಸರಿಮಾಡಿಕೊಂಡಳು. “ಬಾಯಿ ಮುಚ್ಚಿಕೊಂಡಿರೂದ ಅಲ್ಲೇನು ರೋಜಾ ಅಂದ್ರ? ತುಟಿ ಹೊಲದಂಗ ಕೂಡ್ತೀನಿ, ನೀ ನಡಿ.”

ಮೂರು ತಾಸು. ನಡುವಿನ ಗೋಡೆಯ ಮೇಲ್ಭಾಗದಲ್ಲಿ ಗಾಳಿಗೆಂದು ಬಿಟ್ಟ ಜಾಲರಿ ಇತ್ತು. ಎರಡನೆಯ ತಾಸಿನಲ್ಲಿ ಅದರೊಳಗಿಂದ ಸಣ್ಣಗೆ ಕೇಳಿಸಿತು. “ನೌ ಅಟ್ಠೆ ಬಹತ್ತರ್.” ಆಕೆಯದೇ ದನಿ, ಆದರೆ ಗಂಟಲ ಅಡಿಯಿಂದ ಬಂದ ಹಾಗೆ. ನಾನು ಎದ್ದು ಗೋಡೆ ಬಡಿಯಬಹುದಿತ್ತು. ಎದ್ದರೆ ನನ್ನ ಕ್ಯಾಮೆರಾ ನನ್ನನ್ನು ಹಿಡಿಯುತ್ತದೆ. ಲವಂಗವನ್ನು ಇನ್ನಷ್ಟು ಒತ್ತಿ ಹಿಡಿದು ನನ್ನ ಲೆಕ್ಕ ಮುಂದುವರಿಸಿದೆ.

ಮೇ ತಿಂಗಳಿನಲ್ಲಿ ಫಲಿತಾಂಶ ಬಂತು. ನನ್ನದು ಪ್ರಥಮ ದರ್ಜೆ. ಶಾಹೀನಳ ಹೆಸರಿನ ಮುಂದೆ ‘ತಡೆಹಿಡಿಯಲಾಗಿದೆ’ ಎಂದಿತ್ತು. ಹಿಂದೆಯೇ ಒಂದು ಪತ್ರ. ಕೋಣೆಯಲ್ಲಿ ಎರಡನೆಯ ವ್ಯಕ್ತಿಯೊಬ್ಬರು ಅಂಕಿಗಳನ್ನು ಹೇಳಿಕೊಡುತ್ತಿರುವುದು ದಾಖಲಾಗಿದೆ ಎಂದು. ಅರ್ಧ ನಿಮಿಷದ ವಿಡಿಯೋ ತುಣುಕನ್ನೂ ಕಳಿಸಿದ್ದರು. ಬೇಸಿಗೆ ರಜೆ, ಆಕೆಯ ಮನೆಯಲ್ಲಿ ಕೂತು ಇಬ್ಬರೂ ನೋಡಿದೆವು. ಶಾಹೀನ್ ಪರದೆಯನ್ನು ದಿಟ್ಟಿಸುತ್ತಾ ಬರೆಯುತ್ತಿದ್ದಾಳೆ. ತುಟಿ ಅಲ್ಲಾಡುತ್ತಿಲ್ಲ. ಎಲ್ಲಿಂದಲೋ ಮಗ್ಗಿ ಕೇಳುತ್ತಿದೆ. ತುಟಿ ಬಿಗಿಹಿಡಿದು ಕೂತಿದ್ದಕ್ಕೇ ಅದು ಬೇರೆ ಯಾರದೋ ದನಿಯಾಗಿಬಿಟ್ಟಿತ್ತು. ಬಾಯಿ ತೆರೆದು ಗಟ್ಟಿಯಾಗಿ ಹೇಳಿದ್ದರೆ ಉಳಿದುಕೊಳ್ಳುತ್ತಿದ್ದಳೇನೋ.

ಕಟ್ಟಡದಲ್ಲಿ ಆ ಹೊತ್ತು ಇದ್ದು, ಕೋಣೆಯಲ್ಲಿ ಬೇರಾರೂ ಇರಲಿಲ್ಲವೆಂದು ಹೇಳಬಲ್ಲವರ ಲಿಖಿತ ಹೇಳಿಕೆಯನ್ನು ಏಳು ದಿನದೊಳಗೆ ಕಳಿಸಿರೆಂದು ಪತ್ರದಲ್ಲಿತ್ತು.

“ಜವಾನ ಇರಲಿಲ್ಲ. ಹೆಡ್‌ಮಿಸ್ ಇರಲಿಲ್ಲ. ಇದ್ದಾಕಿ ನೀ ಒಬ್ಬಾಕಿ” ಎಂದಳು ಶಾಹೀನ್. “ನಾಕು ಸಾಲು ಬರದುಕೊಡು. ನನ್ನ ಬಾಯಿ ಹೆಂಗ ಅಂತ ನಿನಗ ಗೊತ್ತಿದ್ದಷ್ಟು ಅಮ್ಮಿಗೂ ಗೊತ್ತಿಲ್ಲ.”

“ನಾಳಿ ಬರೀತೀನಿ” ಎಂದೆ.

ನಾಳೆ ನಾದಿನಿ ಬಂದಳು. ಅದರ ನಾಳೆ ನಲ್ಲಿ ನೀರಿನ ಸರದಿ, ಮಧ್ಯಾಹ್ನದವರೆಗೆ ಕೊಡ ತುಂಬಿದೆ. ಮೂರನೆಯ ದಿನ ಹಪ್ಪಳದ ಹಿಟ್ಟು ನಾದಿಟ್ಟಿದ್ದೆ, ಅದು ಕೆಡುತ್ತದೆಂದು ಹಪ್ಪಳ ಲಟ್ಟಿಸಿದೆ. ಬಿಸಿಲಿಗೆ ಹಾಸಿದ ಹಪ್ಪಳವನ್ನು ಮಗುಚುತ್ತಾ ಮಗುಚುತ್ತಾ ಯೋಚಿಸಿದೆ. ನಾನಲ್ಲಿದ್ದೆ ಎಂದು ಬರೆದರೆ ‘ಮನೆ’ ಎಂದು ಗುರುತು ಹಾಕಿದ್ದು ಸುಳ್ಳಾಗುತ್ತದೆ. ನನ್ನ ಫಲಿತಾಂಶವೂ ಹೋಗುತ್ತದೆ. ಭೀಮರಾಯನಿಗೆ ಹೇಳಿದೆ. ಆತ ಸ್ವಲ್ಪ ಹೊತ್ತು ಹಪ್ಪಳಗಳನ್ನೇ ನೋಡಿದ. “ನೀ ಬರದ್ರ ಇಬ್ರೂ ಹೋಗ್ತೀರಿ. ಒಬ್ರರ ಉಳಕೊಳ್ರಿ” ಎಂದ. ಆತ ಆ ಮಾತು ಆಡಿದ್ದು ಒಂದೇ ಸಲ. ನನಗೆ ನಾನೇ ಅದನ್ನು ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ. ಹೇಳಿಕೊಂಡಷ್ಟೂ ಅದು ಬುದ್ಧಿವಂತರ ಮಾತಿನ ಹಾಗೆ ಕೇಳಿಸಿತು. ರಾಯಚೂರಿನ ಹುದ್ದೆ ನನಗೆ ಬರುತ್ತದೆ ಎನ್ನುವುದು ಆಗ ನನ್ನ ತಲೆಯಲ್ಲಿ ಇರಲೇ ಇಲ್ಲ ಎಂದು ಇಷ್ಟು ದಿನ ಎಲ್ಲರಿಗೂ ಹೇಳುತ್ತಾ ಬಂದಿದ್ದೇನೆ. ಇತ್ತು. ಹಿಂದೆ ಎಲ್ಲೋ, ಕಪಾಟಿನ ಮೇಲಿಟ್ಟ ಡಬ್ಬಿಯ ಹಾಗೆ ಇತ್ತು.

ಐದನೆಯ ದಿನ ಬರೆದೆ. ಶಾಹೀನ್ ಬೇಗಂ ಅವರನ್ನು ಇಪ್ಪತ್ತು ವರ್ಷಗಳಿಂದ ಬಲ್ಲೆ, ಅವರು ಪ್ರಾಮಾಣಿಕರು, ಲೆಕ್ಕ ಮಾಡುವಾಗ ಮಗ್ಗಿ ಗುನುಗುವುದು ಅವರ ಅಭ್ಯಾಸ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಕೆಳಗೆ ಇನ್ನೊಂದು ಸಾಲು ಸೇರಿಸಿದೆ: ‘ಪರೀಕ್ಷೆಯ ದಿನ ನಾನು ಆ ಸ್ಥಳದಲ್ಲಿರಲಿಲ್ಲ.’ ಸಹಿ ಮಾಡಿ, ಫೋಟೋ ತೆಗೆದು ಆಕೆಯ ಫೋನಿಗೆ ಕಳಿಸಿದೆ. ಆಗ ಶಾಹೀನ್ ಅಮ್ಮಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಓದದೆ ಹಾಗೇ ವಿಶ್ವವಿದ್ಯಾಲಯಕ್ಕೆ ದಾಟಿಸಿದಳು. ‘ಜೀತೀ ರಹೋ ಜೂನಿಯರ್’ ಎಂದು ಹರಸಿ ನನಗೆ ಸಂದೇಶ ಹಾಕಿದಳು.

ಜೂನ್ ಮೊದಲ ವಾರ ಶಾಲೆಗಳು ಶುರುವಾಗಿ ಎರಡನೆಯದೋ ಮೂರನೆಯದೋ ದಿನ. ಬಸ್ಸಿನಲ್ಲಿ ಕೂತ ಕೂಡಲೇ ಫೋನನ್ನು ನನ್ನ ಮುಂದೆ ಹಿಡಿದಳು. ಸಾಕ್ಷಿ ಹೇಳಿದವರು ತಾವು ಸ್ಥಳದಲ್ಲಿರಲಿಲ್ಲವೆಂದು ತಾವೇ ಬರೆದಿರುವುದರಿಂದ ಹೇಳಿಕೆಯನ್ನು ಪರಿಗಣಿಸಲಾಗದು, ಪರೀಕ್ಷೆ ರದ್ದು, ಮುಂದಿನ ವರ್ಷ ಮತ್ತೆ ಬರೆಯಬಹುದು.

“ಇದೇನು ಲೇ?”

“ನಾ ಮನ್ಯಾಗ ಅಂತ ಗುರುತು ಹಾಕೀನಲ್ಲ ಶಾಹೀನ್. ಮತ್ತ ಅಲ್ಲಿದ್ದೆ ಅಂತ ಬರದ್ರ...”

“ಹೂಂ.”

“ನಿಂದಂತೂ ಹೆಂಗೂ ಅಡಚಣಿ ಆಗ್ಯಾದ, ನಂದೂ ಹೋದ್ರ ಇಬ್ರಿಗೂ...”

“ಇಷ್ಟನ್ನ ನನಗ ಮೊದ್ಲ ಹೇಳಿದ್ರ ನಾ ನಿನ್ನ ಕಡಿಂದ ಬರಸ್ತಿದ್ದಿಲ್ಲ” ಎಂದಳು. ದನಿ ಏರಿಸಲಿಲ್ಲ. “ಬ್ಯಾರೆ ಏನರ ಹುಡುಕ್ತಿದ್ದೆ. ಏಳು ದಿನದಾಗ ಐದು ದಿನ ನಾಳಿ ನಾಳಿ ಅಂದಿ.”

ಕಲ್ಲೂರು ಬರುವವರೆಗೆ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಹೊರಗೆ ಕಪ್ಪು ಹೊಲಗಳಲ್ಲಿ ಮೊದಲ ಮಳೆಯ ಹದ ನೋಡಿ ಬಿತ್ತನೆ ಶುರುವಾಗಿತ್ತು. ಡಬ್ಬಿ ಅದಲುಬದಲಾಗಲಿಲ್ಲ. ಮರುದಿನದಿಂದ ಆಕೆ ಆರೂವರೆಯ ಬಸ್ಸು ಹಿಡಿದಳು. ಅಂದರೆ ಅಮ್ಮಿಯ ಬಾಯಿಗೆ ತುತ್ತು ಬೀಳುವುದು ಐದೂವರೆಗೆ ಎಂದಾಯಿತು. ಅದನ್ನು ನನಗೆ ಯಾರೂ ಹೇಳಲಿಲ್ಲ, ನಾನೇ ಲೆಕ್ಕ ಹಾಕಿಕೊಂಡೆ. ಮೂರನೆಯ ಸೀಟಿನಲ್ಲಿ ಒಬ್ಬಳೇ ಕೂತಿದ್ದನ್ನು ನೋಡಿ ಕಂಡಕ್ಟರು ನಾಲ್ಕು ದಿನ ಕೇಳಿದ, “ಇನ್ನೊಬ್ರು ಟೀಚರ್ ಎಲ್ರಿ?” ಐದನೆಯ ದಿನ ಕೇಳುವುದನ್ನು ಬಿಟ್ಟ.

ರದ್ದಾದ ಮೇಲೂ ಮೇಲ್ಮನವಿಗೆ ಹದಿನೈದು ದಿನ ಕೊಟ್ಟಿದ್ದರು. ಕೌನ್ಸೆಲಿಂಗ್ ಅದರ ಮರುವಾರ. ಆ ಹದಿನೈದು ದಿನವೂ ನಾನು ಶಾಲೆಗೆ ಹೋದೆ, ಬಂದೆ, ಪಲ್ಲೆ ಸೋಸಿದೆ. ಹದಿನೈದನೆಯ ದಿನ ಮಾನ್ವಿಯಿಂದ ಬಂದವಳು ಬಸ್ ನಿಲ್ದಾಣದಿಂದ ಮನೆಗೆ ಹೋಗದೆ ಶಾಹೀನಳ ಮನೆಯ ಕಡೆ ತಿರುಗಿದೆ. ಮಳೆ ಹನಿ ಹನಿಯಾಗಿ ಬೀಳುತ್ತಿತ್ತು. ಪೇಟೆಯ ಓಣಿಯಲ್ಲಿ ಅಂಗಡಿಯವರು ಮೂಟೆಗಳ ಮೇಲೆ ತಾಡಪತ್ರಿ ಎಳೆಯುತ್ತಿದ್ದರು. ಹಾದಿಯುದ್ದಕ್ಕೂ ಮಾತು ಜೋಡಿಸಿಕೊಂಡೆ. ಇದ್ದದ್ದನ್ನು ಇದ್ದ ಹಾಗೆ ಬರೆದು ತಂದಿದ್ದೇನೆ ಎನ್ನುತ್ತೇನೆ. ಶಾಹೀನ್ ಬೇಡ ಎನ್ನುತ್ತಾಳೆ. ಈಗ ಬರೆದು ಏನು ಬಂತು, ನಿನ್ನದಾದರೂ ಇರಲಿ ಎನ್ನುತ್ತಾಳೆ. ಇಪ್ಪತ್ತು ವರ್ಷದಿಂದ ಆಕೆಯನ್ನು ಬಲ್ಲೆ, ಹಾಗೆಯೇ ಅನ್ನುವವಳು. ಆಮೇಲೆ ಒಂದು ಕಪ್ಪು ಚಹಾ ಕುಡಿದು, ಹಗುರವಾಗಿ ಮನೆಗೆ ಹೋಗುತ್ತೇನೆ.

ಬಾಗಿಲು ತೆರೆದೇ ಇತ್ತು. ಅಮ್ಮಿ ಮಂಚದ ಮೇಲೆ ದಿಂಬಿಗೆ ಒರಗಿದ್ದರು. ಶಾಹೀನ್ ಪಕ್ಕದಲ್ಲಿ ಕೂತು ಖಿಚಡಿ ಕಲಸಿ ಉಣಿಸುತ್ತಿದ್ದಳು. ನನ್ನನ್ನು ನೋಡಿ ಕಣ್ಣಿನಲ್ಲೇ ಕುರ್ಚಿ ತೋರಿಸಿದಳು.

“ಕೌನ್ ಆಯೇ?” ಎಂದರು ಅಮ್ಮಿ. ಅವರ ದೃಷ್ಟಿ ಮಂಜಾಗಿತ್ತು.

“ಸುಜಾತ, ಅಮ್ಮಿ.”

ಅಮ್ಮಿಯ ಬಲಗೈ ಚಾದರದ ಮೇಲೆ ನನ್ನ ಕಡೆ ಹರಿದು ಬಂತು. ನಾನು ಹಿಡಿದುಕೊಂಡೆ. ಆಮೇಲೆ ಹಾದಿಯಲ್ಲಿ ಜೋಡಿಸಿಕೊಂಡದ್ದನ್ನು ಹೇಳಿದೆ.

“ಶಾಹೀನ್, ನನ್ನ ಮನಸು ತಡೀಲಿಲ್ಲ. ನಾ ಅವತ್ತು ಅಲ್ಲೇ ಇದ್ದೆ, ಲ್ಯಾಬಿನ್ಯಾಗ ಇದ್ದೆ, ಮಗ್ಗಿ ಅಂದಾಕಿ ನೀನೇ, ನಾ ಕಿವಿಯಾರೆ ಕೇಳೀನಿ ಅಂತ ಎಲ್ಲಾ ಬರಕೊಂಡು ಬಂದೀನಿ. ನಂದು ಹೋದ್ರ ಹೋಗಲಿ.”

ಆಕೆ ಕೊನೆಯ ಎರಡು ತುತ್ತು ಉಣಿಸಿದಳು. ಬಟ್ಟಲಿನಲ್ಲಿ ನೀರು ತಂದು ಅಮ್ಮಿಯ ಬಾಯಿ ಒರೆಸಿದಳು, ಗದ್ದಕ್ಕೆ ಅಂಟಿದ್ದ ಅಗುಳನ್ನು ಬೆರಳಿನಿಂದ ತೆಗೆದಳು. ಹಿತ್ತಲಿಗೆ ಹೋಗಿ ಕೈ ತೊಳೆದು ಬಂದಳು. ಓಢಣಿಯ ತುದಿಗೆ ಒಂದೊಂದೇ ಬೆರಳು ಒರೆಸಿಕೊಂಡಳು. ನಾನು ಆಕೆ ಬೇಡ ಅನ್ನುವುದನ್ನು ಕಾಯುತ್ತಿದ್ದೆ.

ಆಕೆ ಕೈ ಚಾಚಿದಳು.

“ಕೊಡು. ಇನ್ನೂ ಟೈಮ್ ಅದ. ಈಗ ಕಳಿಸ್ತೀನಿ.”

ನಾನು ಚೀಲ ತೊಡೆಯ ಮೇಲೆ ಎಳೆದುಕೊಂಡೆ. ಜಿಪ್ಪು ತೆಗೆದೆ. ಖಾಲಿ ಡಬ್ಬಿ ತೆಗೆದು ಪಕ್ಕಕ್ಕಿಟ್ಟೆ. ನೀರಿನ ಬಾಟಲಿ, ಛತ್ರಿ, ಒಂಬತ್ತನೆಯ ತರಗತಿಯ ಅಂಕಪಟ್ಟಿ. ಪಾಠದ ಡೈರಿಯ ಹಾಳೆಗಳನ್ನು ಒಂದೊಂದಾಗಿ ಮಗುಚಿದೆ. ಒಳಜೇಬಿನಲ್ಲಿ ಕೈಯಾಡಿಸಿದೆ. ಅಲ್ಲಿ ಏನೂ ಇರಲಿಲ್ಲ. ಇರುವುದಿಲ್ಲ ಎಂದು ನನಗೆ ಗೊತ್ತಿತ್ತು. ಒಂದು ಸಾಲನ್ನೂ ನಾನು ಬರೆದಿರಲಿಲ್ಲ. ಆದರೂ ಹುಡುಕುವುದನ್ನು ನಿಲ್ಲಿಸಲು ಆಗಲಿಲ್ಲ. ನಿಲ್ಲಿಸಿದರೆ ತಲೆ ಎತ್ತಬೇಕಾಗುತ್ತಿತ್ತು. ಶಾಹೀನ್ ಚಾಚಿದ ಕೈಯನ್ನು ಇನ್ನೂ ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದಳು. ಆಮೇಲೆ ಹಿಂದಕ್ಕೆ ತೆಗೆದುಕೊಂಡಳು.

ಚೀಲದೊಳಗಿನ ಸಪ್ಪಳ ಅಮ್ಮಿಯ ಕಿವಿಗೆ ಬಿದ್ದಿತ್ತು. ಏನು ಹುಡುಕುತ್ತಿದ್ದಾಳೆ ಇವಳು ಎಂದು ತಮ್ಮ ಮಾತಿನಲ್ಲಿ ಮಗಳನ್ನು ಕೇಳಿದರು. “ಕ್ಯಾ ಢೂಂಡ್ ರೈ ಉನೇ?”

“ಕುಛ್ ನೈ ಅಮ್ಮಿ” ಎಂದಳು ಶಾಹೀನ್, ಖಾಲಿ ತಟ್ಟೆ ಎತ್ತಿಕೊಳ್ಳುತ್ತಾ. “ಚಷ್ಮಾ.”

ಚಷ್ಮಾ ನನ್ನ ಕಣ್ಣಿನ ಮೇಲೇ ಇತ್ತು.